ಮನೆಯನ್ನು ಮಡಚಿ ಸೂಟ್‌ಕೇಸಿನಲ್ಲಿ ಇಡಬಹುದಾ? ಊರು ಬಿಟ್ಟವರು ಮತ್ತು ಇನ್‌ಸ್ಟಲೇಶನ್ ಕಲೆ

ಇನ್‌ಸ್ಟಲೇಶನ್ ಅಂದ ಕೂಡಲೇ ಕಂಪ್ಯೂಟರ್ ಸೈನ್ಸ್‌ನವರಿಗೆ ನೆನಪಾಗೋದು 'ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ಫಿನಿಶ್'. ಎಲೆಕ್ಟ್ರಿಕಲ್‌ನವರಿಗೆ ಟ್ರಾನ್ಸ್‌ಫಾರ್ಮರ್ ಕೂರಿಸೋದು. ಮೆಕ್ಯಾನಿಕಲ್‌ನವರಿಗೆ ಫೌಂಡೇಶನ್ ಬೋಲ್ಟ್. ಕಲೆಯ ಜಗತ್ತಿನಲ್ಲೂ ಇದೇ ಪದ ಇದೆ, ಅಲ್ಲೂ ಅರ್ಥ ತುಂಬಾ ದೂರ ಹೋಗಿಲ್ಲ: ಒಂದು ಜಾಗದಲ್ಲಿ ಏನನ್ನೋ ತಂದು ಕೂರಿಸುವುದು. ಕನ್ನಡದಲ್ಲಿ ಇದಕ್ಕೆ ಪ್ರತಿಷ್ಠಾಪನಾ ಕಲೆ ಅಂತಾರೆ. ಗಣಪತಿ ಪ್ರತಿಷ್ಠಾಪನೆ ಗೊತ್ತಿರುವ ನಮಗೆ ಆ ಪದ ಹೊಸದೇನಲ್ಲ. ಮೂರ್ತಿ ಒಂದೇ ಮುಖ್ಯ ಅಲ್ಲ, ಪೆಂಡಾಲು, ದೀಪ, ಒಳಗೆ ಹೋಗುವ ದಾರಿ, ಸುತ್ತ ನಿಂತ ಜನ ಎಲ್ಲ ಸೇರಿಯೇ ಅದು ಒಂದು ಜಾಗ ಆಗುತ್ತೆ.

ಈ ಲೇಖನದಲ್ಲಿ ನಾವು ಒಂದೇ ಬಗೆಯ ಇನ್‌ಸ್ಟಲೇಶನ್‌ಗಳನ್ನು ನೋಡೋಣ: ಊರು ಬಿಟ್ಟವರ ಬಗ್ಗೆ, ಮನೆ ಕಳೆದುಕೊಂಡವರ ಬಗ್ಗೆ, 'ನನ್ನ ಜಾಗ' ಅನ್ನುವ ಭಾವನೆಯ ಬಗ್ಗೆ ಇರುವಂಥವು. ಕಲೆ ನಮ್ಮ ಸಬ್ಜೆಕ್ಟ್ ಅಲ್ಲ ಅಂತ ಸ್ಕ್ರಾಲ್ ಮಾಡಿ ಮುಂದೆ ಹೋಗಬೇಡಿ. ಇದರಲ್ಲಿ ಕ್ಯಾಂಟಿಲಿವರ್ ಇದೆ, ಕಾಂಕ್ರೀಟ್ ಇದೆ, ಸ್ಕೇಲ್ ಇದೆ, ಡಾಂಬರು ಇದೆ. ಜೊತೆಗೆ ನಾವು ನಾಳೆ ಮಾಡಲಿರುವ ಕೆಲಸಕ್ಕೆ ನೇರವಾಗಿ ತಗಲುವ ಒಂದು ಪ್ರಶ್ನೆಯೂ ಇದೆ.

1. ಇನ್‌ಸ್ಟಲೇಶನ್ ಅಂದ್ರೆ ಏನು, ಶಿಲ್ಪ ಅಂದ್ರೆ ಏನು?

ಚಿತ್ರವನ್ನು ನಾವು ಎದುರು ನಿಂತು ನೋಡ್ತೀವಿ. ಶಿಲ್ಪವನ್ನು ಸುತ್ತು ಹಾಕಿ ನೋಡ್ತೀವಿ. ಇನ್‌ಸ್ಟಲೇಶನ್‌ನ ಒಳಗೆ ಹೋಗ್ತೀವಿ. ಇದು ಪೂರ್ತಿ ವ್ಯಾಖ್ಯೆ ಅಲ್ಲ, ಆದರೆ ಶುರು ಮಾಡಲು ಸಾಕು. ಇಲ್ಲಿ ನೋಡುಗರ ದೇಹ ಕೂಡ ಕೃತಿಯ ಭಾಗ. ನಾವು ಬಗ್ಗಬೇಕಾಗುತ್ತೆ, ನಡೆಯಬೇಕಾಗುತ್ತೆ, ಕೆಲವೊಮ್ಮೆ ತಲೆ ಸುತ್ತುತ್ತೆ. ಹಾಗಾಗಿಯೇ ಇಂಥ ಕೃತಿಯ ಫೋಟೋ ನೋಡಿ 'ನೋಡಿದೆ' ಅನ್ನೋದು ಜಾತ್ರೆಯ ಫೋಟೋ ನೋಡಿ ಜಾತ್ರೆಗೆ ಹೋಗಿ ಬಂದೆ ಅಂದ ಹಾಗೆ.

ಎರಡನೇ ವಿಷಯ, ಜಾಗ. ಕೆಲವು ಕೃತಿಗಳನ್ನು ಒಂದೇ ಒಂದು ಜಾಗಕ್ಕೆ ಅಂತಲೇ ಮಾಡಿರ್ತಾರೆ. ಅಲ್ಲಿಂದ ಎತ್ತಿದರೆ ಅದಕ್ಕೆ ಅರ್ಥ ಉಳಿಯಲ್ಲ. ಇನ್ನು ಕೆಲವನ್ನು ಬಿಚ್ಚಿ, ಪ್ಯಾಕ್ ಮಾಡಿ, ಇನ್ನೊಂದು ಊರಿನಲ್ಲಿ ಮತ್ತೆ ಕಟ್ಟಬಹುದು. ಊರು ಬಿಡುವ ಬಗ್ಗೆ ಇರುವ ಕಲೆಗೆ ಈ ವ್ಯತ್ಯಾಸ ಬಹಳ ಮುಖ್ಯ. ಮನುಷ್ಯರಲ್ಲೂ ಹೀಗೆಯೇ ಅಲ್ವಾ? ಕೆಲವರು ಎಲ್ಲಿಗೆ ಹೋದರೂ ಒಂದು ವಾರದಲ್ಲಿ ಸೆಟಲ್ ಆಗ್ತಾರೆ, ಕೆಲವರು ಜಾಗ ಬದಲಾದರೆ ಬಾಡಿ ಹೋಗ್ತಾರೆ.

2. ಸ್ಥಾನಪಲ್ಲಟ: ಫಿಸಿಕ್ಸಿನದು ಬೇರೆ, ಮನುಷ್ಯರದು ಬೇರೆ

ಇಂಗ್ಲಿಷಿನಲ್ಲಿ ಡಿಸ್‌ಪ್ಲೇಸ್‌ಮೆಂಟ್ ಅನ್ನೋದು ಒಂದೇ ಪದ. ನಮಗದು ಮೊದಲು ಸಿಕ್ಕಿದ್ದು ಫಿಸಿಕ್ಸ್ ಕ್ಲಾಸಿನಲ್ಲಿ. ಕನ್ನಡ ಮೀಡಿಯಂನವರು ಅದನ್ನು ಸ್ಥಾನಪಲ್ಲಟ ಅಂತ ಓದಿರ್ತಾರೆ. ಅದೊಂದು ವೆಕ್ಟರ್. ಹೊರಟ ಬಿಂದು, ತಲುಪಿದ ಬಿಂದು, ಇವೆರಡರ ನಡುವಿನ ನೇರ ಗೆರೆ. ನಡುವೆ ಎಷ್ಟು ಅಲೆದಿರಿ ಅನ್ನೋದು ಲೆಕ್ಕಕ್ಕಿಲ್ಲ. ಹೊರಟಲ್ಲಿಗೇ ಮರಳಿ ಬಂದರೆ ಉತ್ತರ ಸೊನ್ನೆ.

ಮನುಷ್ಯರ ವಿಷಯದಲ್ಲಿ ಈ ಸೊನ್ನೆ ಬರೋದೇ ಇಲ್ಲ. ಹತ್ತು ವರ್ಷ ಬಿಟ್ಟು ವಾಪಸ್ ಬಂದವನಿಗೆ ಬೀದಿ ಅದೇ ಇರುತ್ತೆ, ಅವನು ಅದೇ ಇರಲ್ಲ. ಕೆಲವೊಮ್ಮೆ ಬೀದಿಯೂ ಇರಲ್ಲ. ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದಗಳಿರುವುದನ್ನು ಗಮನಿಸಿ. ಕೆಲಸ ಹುಡುಕಿಕೊಂಡು ಹೋದರೆ ವಲಸೆ. ಬರಗಾಲದಲ್ಲಿ ಉತ್ತರ ಕರ್ನಾಟಕದಿಂದ ಗಂಟುಮೂಟೆ ಕಟ್ಟಿಕೊಂಡು ಹೋದರೆ ಗುಳೆ. ಯಾರೋ ಬಂದು ಎಬ್ಬಿಸಿ ಕಳಿಸಿದರೆ ಒಕ್ಕಲೆಬ್ಬಿಸುವುದು. ಅಣೆಕಟ್ಟಿನ ನೀರು ಬಂದರೆ ಮುಳುಗಡೆ. ಎಲ್ಲದರಲ್ಲೂ ಜಾಗ ಬದಲಾಗಿದೆ, ಆದರೆ ಯಾರು ನಿರ್ಧಾರ ಮಾಡಿದರು ಅನ್ನೋದು ಪ್ರತಿ ಪದದಲ್ಲೂ ಬೇರೆ. ಮುಂದೆ ಬರುವ ಕೃತಿಗಳನ್ನು ನೋಡುವಾಗ ಈ ನಾಲ್ಕು ಪದಗಳನ್ನು ಕೈಯಲ್ಲಿ ಇಟ್ಟುಕೊಂಡಿರಿ.

3. ಎಂಜಿನಿಯರಿಂಗ್ ಬ್ಲಾಕ್ ಮೇಲೆ ಬಿದ್ದ ಮನೆ

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಜೇಕಬ್ಸ್ ಹಾಲ್ ಅಂತ ಒಂದು ಕಟ್ಟಡ ಇದೆ. ಅದು ಎಂಜಿನಿಯರಿಂಗ್ ಸ್ಕೂಲಿನ ಕಟ್ಟಡ. ಅದರ ಏಳನೇ ಮಹಡಿಯ ಮಟ್ಟದಲ್ಲಿ, ಚಾವಣಿಯ ಒಂದು ಮೂಲೆಗೆ, ನೀಲಿ ಬಣ್ಣದ ಒಂದು ಪುಟ್ಟ ಮನೆ ಸಿಕ್ಕಿಕೊಂಡಿದೆ. ಸುಂಟರಗಾಳಿ ಎಲ್ಲಿಂದಲೋ ಎತ್ತಿಕೊಂಡು ಬಂದು ಇಲ್ಲಿ ಎಸೆದ ಹಾಗೆ. ಅರ್ಧ ಚಾವಣಿಯ ಮೇಲೆ, ಅರ್ಧ ಗಾಳಿಯಲ್ಲಿ. ಅದರ ಹೆಸರು 'ಫಾಲನ್ ಸ್ಟಾರ್', ಅಂದರೆ ಬಿದ್ದ ನಕ್ಷತ್ರ. ಸ್ಟುವರ್ಟ್ ಕಲೆಕ್ಷನ್ ಅನ್ನುವ ಆ ಕ್ಯಾಂಪಸ್ಸಿನ ಕಲಾಸಂಗ್ರಹಕ್ಕಾಗಿ ಕೊರಿಯಾ ಮೂಲದ ಕಲಾವಿದ ಡೋ ಹೋ ಸುಹ್ 2012ರಲ್ಲಿ ಇದನ್ನು ಪೂರ್ತಿ ಮಾಡಿದರು.

ಮೊದಲು ಎಂಜಿನಿಯರಿಂಗ್ ಭಾಗ ನೋಡಿಬಿಡೋಣ. ಮನೆ ಸುಮಾರು 15 ಅಡಿಗೆ 18 ಅಡಿ. ತೂಕ ಸುಮಾರು 70,000 ಪೌಂಡ್, ನಮ್ಮ ಲೆಕ್ಕದಲ್ಲಿ 32 ಟನ್ ಹತ್ತಿರ. ಮನೆಯನ್ನು ಕೆಳಗೆ ಕಟ್ಟಿ 2011ರ ನವೆಂಬರಿನಲ್ಲಿ ಕ್ರೇನ್‌ನಲ್ಲಿ ಎತ್ತಿ ಮೇಲೆ ಕೂರಿಸಿದರು. ಕ್ಯಾಂಟಿಲಿವರ್ ಅಂದ ಮೇಲೆ ಏನೇನು ಯೋಚಿಸಬೇಕು ಅಂತ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರಿಗೆಲ್ಲ ಗೊತ್ತು. ಹೊರಚಾಚಿದ ಭಾಗದ ಭಾರ ಆಸರೆಯ ಹತ್ತಿರ ದೊಡ್ಡ ಮೊಮೆಂಟ್ ಹುಟ್ಟಿಸುತ್ತೆ. ಅದನ್ನು ಒಳಗಿನ ಕಟ್ಟಡ ಹಿಡಿದು ಎಳೆಯಬೇಕು. ಅದರ ಮೇಲೆ ಗಾಳಿ. ಅದರ ಮೇಲೆ ಭೂಕಂಪ, ಯಾಕಂದ್ರೆ ಅದು ಕ್ಯಾಲಿಫೋರ್ನಿಯಾ. ಅಂದರೆ ನೋಡುವವರಿಗೆ 'ಈಗ ಬೀಳುತ್ತೆ' ಅನ್ನಿಸಬೇಕು, ಆದರೆ ಯಾವತ್ತೂ ಬೀಳಬಾರದು. ಅಪಘಾತದ ಹಾಗೆ ಕಾಣುವಂತೆ ಮಾಡಲು ಒಂದೂ ಅಪಘಾತ ಇಲ್ಲದ ಲೆಕ್ಕ ಬೇಕು.

ಈಗ ಒಳಗೆ ಹೋಗೋಣ. ಚಾವಣಿಯ ಮೇಲೆ ಮೊದಲು ಒಂದು ಪುಟ್ಟ ತೋಟ ಸಿಗುತ್ತೆ. ಗಿಡಗಳು, ಕಾಲುದಾರಿ, ಕೂರಲು ಕುರ್ಚಿ. ದಾರಿ ಮನೆ ಬಾಗಿಲಿಗೆ ಹೋಗುತ್ತೆ. ಒಳಗೆ ಒಂದು ಸಾಮಾನ್ಯ ಅಮೆರಿಕನ್ ಮನೆ: ಸೋಫಾ, ಪುಸ್ತಕ, ಗೋಡೆ ತುಂಬ ಫ್ಯಾಮಿಲಿ ಫೋಟೋಗಳು. ಎಲ್ಲ ಸರಿಯಾಗೇ ಇದೆ. ಆದರೆ ಒಂದು ಹೆಜ್ಜೆ ಇಟ್ಟ ಕೂಡಲೇ ತಲೆ ತಿರುಗುತ್ತೆ. ಯಾಕಂದ್ರೆ ನೆಲದ ಓರೆ ಬೇರೆ, ಗೋಡೆಗಳ ಓರೆ ಬೇರೆ. ನಮ್ಮ ಒಳಕಿವಿಯಲ್ಲಿ ಗುರುತ್ವಾಕರ್ಷಣೆಯ ದಿಕ್ಕನ್ನು ಗ್ರಹಿಸುವ ಅಂಗಗಳಿವೆ. ಅವು 'ಕೆಳಗೆ ಅಂದ್ರೆ ಈ ಕಡೆ' ಅಂತ ಹೇಳ್ತವೆ. ಕಣ್ಣು ಗೋಡೆ, ಕಿಟಕಿ ನೋಡಿ 'ಇಲ್ಲ, ಆ ಕಡೆ' ಅನ್ನುತ್ತೆ. ಎರಡು ಸೆನ್ಸರ್‌ಗಳ ರೀಡಿಂಗ್ ಹೊಂದದಿದ್ದರೆ ಏನಾಗುತ್ತೋ ಅದೇ ಆಗುತ್ತೆ: ಸಿಸ್ಟಂ ಹ್ಯಾಂಗ್. ಮೇಲಿಂದ ತೂಗುವ ದೀಪವೊಂದೇ ತೂಗುಗುಂಡಿನ ಹಾಗೆ ನಿಜವಾದ ಲಂಬರೇಖೆ ತೋರಿಸುತ್ತಾ ಇರುತ್ತೆ, ಆದರೆ ಆ ಮನೆಯಲ್ಲಿ ಅದೇ ಓರೆಯಾಗಿ ಕಾಣುತ್ತೆ.

ಇಲ್ಲಿದೆ ಕೃತಿಯ ತಿರುಳು. ಸುಹ್ ಸೋಲ್ ನಗರದಲ್ಲಿ 1962ರಲ್ಲಿ ಹುಟ್ಟಿದವರು. 1991ರಲ್ಲಿ ಓದಲು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿಗೆ ಬಂದರು. ಜೇಕಬ್ಸ್ ಹಾಲ್ ಮೇಲಿನ ಮನೆ ಪ್ರಾವಿಡೆನ್ಸಿನಲ್ಲಿ ಕಾಣುವಂಥ ಮನೆಯ ಮಾದರಿ. ಹೊಸ ದೇಶಕ್ಕೆ ಬಂದವನಿಗೆ ಎಲ್ಲವೂ ಇರುತ್ತೆ, ಮಂಚ ಇದೆ, ಕಿಟಕಿ ಇದೆ, ಊಟ ಇದೆ. ಆದರೂ ಏನೋ ಒಂದು ಸರಿಯಿಲ್ಲ, ಏನು ಅಂತ ಬೆರಳಿಟ್ಟು ತೋರಿಸಲು ಆಗಲ್ಲ. ಮಾತಿನಲ್ಲಿ ಹೇಳಿದರೆ ನಾವು 'ಹೋಮ್‌ಸಿಕ್' ಅಂದು ಮುಗಿಸಿಬಿಡ್ತೀವಿ. ಸುಹ್ ಅದನ್ನು ನೆಲದ ಕೋನಕ್ಕೆ ಅನುವಾದ ಮಾಡಿದ್ದಾರೆ. ಅಲ್ಲಿಗೆ ಹೋದ ಯಾರೇ ಆಗಲಿ, ಹುಟ್ಟಿದ ಊರಿನಲ್ಲೇ ಜೀವನ ಕಳೆದವರೇ ಆಗಲಿ, ಒಂದು ನಿಮಿಷ ಆ ದೇಹಸ್ಥಿತಿಯನ್ನು ಅನುಭವಿಸಲೇಬೇಕು.

ಈ ಮನೆ ಎಂಜಿನಿಯರಿಂಗ್ ಕಟ್ಟಡದ ಮೇಲೇ ಇರೋದು ನಮಗೆ ತುಂಬಾ ಹಿಡಿಸಿತು. ದೇಶ ದೇಶಗಳಿಂದ ವಿದ್ಯಾರ್ಥಿಗಳು ಬರುವ ಕ್ಯಾಂಪಸ್ ಅದು. ಕೆಳಗೆ ನಡೆದುಹೋಗುವ ಯಾವನೋ ಒಬ್ಬ ಫಸ್ಟ್ ಇಯರ್ ಹುಡುಗ ತಲೆ ಎತ್ತಿದರೆ, ತನ್ನ ಹಾಗೆಯೇ ಎಲ್ಲಿಂದಲೋ ಬಂದು ಬಿದ್ದ ಒಂದು ಮನೆ ಅವನಿಗೆ ಕಾಣುತ್ತೆ.

4. ಬಟ್ಟೆಯ ಮನೆ

ಫಾಲನ್ ಸ್ಟಾರ್ ಎತ್ತಲು ಕ್ರೇನ್ ಬೇಕಾಯಿತು. ಅದಕ್ಕೂ ಮೊದಲು ಸುಹ್ ಮಾಡಿದ ಮನೆಗಳಿಗೆ ಸೂಟ್‌ಕೇಸ್ ಸಾಕಾಗಿತ್ತು.

ಅವರ ತಂದೆ ಸುಹ್ ಸೆ-ಓಕ್ ಕೊರಿಯಾದ ಹೆಸರಾಂತ ಚಿತ್ರಕಾರ. 1970ರ ದಶಕದಲ್ಲಿ ಸೋಲ್ ನಗರ ಹಳೆಯದನ್ನೆಲ್ಲ ಕೆಡವಿ ವೇಗವಾಗಿ ಬೆಳೀತಾ ಇದ್ದಾಗ, ಅವರು ಹಳೆಯ ಅರಮನೆ ಆವರಣದ ಒಂದು ಮನೆಯ ಮಾದರಿಯಲ್ಲಿ ಮರದ ಸಾಂಪ್ರದಾಯಿಕ ಮನೆ ಕಟ್ಟಿಸಿದರು. ಇಂಥ ಮನೆಗೆ ಹಾನೋಕ್ ಅಂತಾರೆ. ಸುಹ್ ಬೆಳೆದದ್ದು ಅಲ್ಲಿ. ಮುಂದೆ ನ್ಯೂಯಾರ್ಕಿಗೆ ಬಂದಾಗ ಗದ್ದಲದಲ್ಲಿ ನಿದ್ದೆ ಬರುತ್ತಿರಲಿಲ್ಲವಂತೆ. ಕೊನೆಯ ಸಲ ಚೆನ್ನಾಗಿ ನಿದ್ದೆ ಬಂದದ್ದು ಎಲ್ಲಿ ಅಂತ ಯೋಚಿಸಿದಾಗ ನೆನಪಾದದ್ದು ಸೋಲ್‌ನ ತನ್ನ ಚಿಕ್ಕ ಕೋಣೆ. ಅದನ್ನು ಇಲ್ಲಿಗೆ ತರೋದು ಹೇಗೆ?

ಅವರು ಆ ಮನೆಯ ಇಂಚಿಂಚನ್ನೂ ಅಳೆದರು. ಅದೇ ಅಳತೆಯಲ್ಲಿ, ಅಂದರೆ 1:1 ಸ್ಕೇಲ್‌ನಲ್ಲಿ, ತಿಳಿಹಸಿರು ರೇಷ್ಮೆ ಬಟ್ಟೆಯಲ್ಲಿ ಇಡೀ ಮನೆ ಹೊಲಿಸಿದರು. ಕೊರಿಯಾದ ಸಾಂಪ್ರದಾಯಿಕ ಹೊಲಿಗೆ ಬಲ್ಲವರ ನೆರವು ಪಡೆದರು. 1999ರಲ್ಲಿ ಲಾಸ್ ಏಂಜಲೀಸಿನಲ್ಲಿ ಇದನ್ನು ಮೊದಲ ಸಲ ಚಾವಣಿಯಿಂದ ತೂಗುಹಾಕಿದರು. ಅಡಿಯಲ್ಲಿ ನಿಂತು ತಲೆ ಎತ್ತಿದರೆ ತೊಲೆ, ಕಿಟಕಿಯ ಜಾಲರಿ, ಬಾಗಿಲು ಎಲ್ಲ ಇದೆ, ಆದರೆ ಎಲ್ಲವೂ ಪಾರದರ್ಶಕ. ಗಾಳಿ ಬೀಸಿದರೆ ಗೋಡೆ ಅಲುಗುತ್ತೆ.

ಇದರ ಹೆಸರು ಇನ್ನೂ ಸ್ವಾರಸ್ಯ. ಮೊದಲು 'ಸೋಲ್ ಮನೆ/ಎಲ್.ಎ. ಮನೆ'. ಆಮೇಲೆ ಪ್ರದರ್ಶನ ಆದ ಪ್ರತಿ ಊರಿನ ಹೆಸರೂ ಸೇರಿಕೊಳ್ಳುತ್ತಾ ಹೋಯಿತು: ನ್ಯೂಯಾರ್ಕ್ ಮನೆ, ಬಾಲ್ಟಿಮೋರ್ ಮನೆ, ಲಂಡನ್ ಮನೆ, ಸಿಯಾಟಲ್ ಮನೆ. ಫಿಸಿಕ್ಸಿನ ಸ್ಥಾನಪಲ್ಲಟ ನಡುವಿನ ದಾರಿಯನ್ನು ಮರೆತುಬಿಡುತ್ತೆ ಅಂದೆವಲ್ಲ, ಈ ಹೆಸರು ದಾರಿಯನ್ನೆಲ್ಲ ನೆನಪಿಟ್ಟುಕೊಳ್ಳುತ್ತೆ. ಲಾಗ್ ಫೈಲ್ ತರಹ.

ಮುಂದೆ ಸುಹ್ ನ್ಯೂಯಾರ್ಕಿನ ತಮ್ಮ ಬಾಡಿಗೆ ಮನೆಯನ್ನೂ ಇದೇ ರೀತಿ ಹೊಲಿಸಿದರು. ಸ್ವಿಚ್‌ಬೋರ್ಡ್, ಪೈಪು, ಬಾಗಿಲ ಹಿಡಿ, ಸ್ಟೌ ಎಲ್ಲ ಬಟ್ಟೆಯಲ್ಲಿ. 2013ರಲ್ಲಿ ಸೋಲ್‌ನ ರಾಷ್ಟ್ರೀಯ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಪ್ರಾವಿಡೆನ್ಸಿನ ಮನೆಯನ್ನು ಪೂರ್ಣ ಅಳತೆಯಲ್ಲಿ ಬಟ್ಟೆಯಲ್ಲಿ ಕಟ್ಟಿ, ಅದರ ಹೊಟ್ಟೆಯೊಳಗೆ ಬಾಲ್ಯದ ಹಾನೋಕ್ ಮನೆಯನ್ನು ತೂಗುಹಾಕಿದರು. ಹೊರಗಿನ ಮನೆಯಲ್ಲಿ ವಾಸ, ಒಳಗಿನ ಮನೆ ಯಾರಿಗೂ ಕಾಣಲ್ಲ ಅನ್ನೋದು ನಿಜ ಜೀವನದ ಸ್ಥಿತಿ. ಇಲ್ಲಿ ಬಟ್ಟೆ ತೆಳುವಾಗಿರೋದರಿಂದ ಎರಡೂ ಒಟ್ಟಿಗೇ ಕಾಣ್ತವೆ.

ಒಂದು ವಿಷಯ ಕನ್ನಡ ಸಂಘದವರಿಗೆ ವಿಶೇಷವಾಗಿ ಇಷ್ಟ ಆಗಬಹುದು. ಸುಹ್ ಅವರ ಇನ್ನೊಂದು ಯೋಜನೆಯಲ್ಲಿ ಮನೆಯ ಒಳಗೋಡೆಗೆಲ್ಲ ಕಾಗದ ಅಂಟಿಸಿ, ಮೇಲೆ ಬಣ್ಣದ ಪೆನ್ಸಿಲಿನಿಂದ ಉಜ್ಜಿ, ಪ್ರತಿ ಗೀರು, ಪ್ರತಿ ಸ್ಕ್ರೂ ಮೂಡುವಂತೆ ಮಾಡ್ತಾರೆ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಹಾಳೆ ಇಟ್ಟು ಉಜ್ಜುತ್ತಿದ್ದೆವಲ್ಲ, ಅದೇ. ಇಂಗ್ಲಿಷಿನಲ್ಲಿ ಇದು ರಬ್ಬಿಂಗ್. ಆದರೆ ಕೊರಿಯನ್ ಲಿಪಿಯಲ್ಲಿ ರ ಮತ್ತು ಲ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ರಬ್ಬಿಂಗ್ ಅಂತ ಬರೆದರೂ ಲವಿಂಗ್ ಅಂತ ಬರೆದರೂ ಹೆಚ್ಚುಕಡಿಮೆ ಒಂದೇ. ಸುಹ್ ಯೋಜನೆಗೆ ಎರಡೂ ಹೆಸರು ಇಟ್ಟರು. ಬಿಟ್ಟು ಹೋಗುವ ಮನೆಯ ಗೋಡೆಯನ್ನು ಅಂಗುಲ ಅಂಗುಲವಾಗಿ ಸವರುವುದು ಪ್ರೀತಿ ಅಲ್ಲದೆ ಇನ್ನೇನು?

5. ಹೋಗಲೇಬೇಕಾದ ಮನೆಯ ಅಚ್ಚು

ಸುಹ್ ತಾವಾಗಿ ಊರು ಬಿಟ್ಟವರು. ನಮ್ಮ ಪದಗಳಲ್ಲಿ ಅದು ವಲಸೆ. ಮನೆಯೇ ಇಲ್ಲವಾಗುವುದು ಬೇರೆ ಕಥೆ.

ಲಂಡನ್ನಿನ ಪೂರ್ವಭಾಗದ ಗ್ರೋವ್ ರೋಡಿನಲ್ಲಿ ಸಾಲುಮನೆಗಳನ್ನು ಕೆಡವಿ ಪಾರ್ಕ್ ಮಾಡ್ತಾ ಇದ್ದರು. ಸಾಲಿನಲ್ಲಿ ಕೊನೆಗೆ ಉಳಿದ ಒಂದು ಮನೆಯನ್ನು ಕಲಾವಿದೆ ರೇಚಲ್ ವೈಟ್‌ರೀಡ್ 1993ರಲ್ಲಿ ಪಡೆದರು. ಅವರು ಮಾಡಿದ್ದು ಕ್ಯಾಸ್ಟಿಂಗ್. ನಮ್ಮ ವರ್ಕ್‌ಶಾಪಿನಲ್ಲಿ ಮೋಲ್ಡ್ ಮಾಡಿ ಲೋಹ ಹೊಯ್ದ ಹಾಗೆಯೇ, ಇಲ್ಲಿ ಮೋಲ್ಡ್ ಆದದ್ದು ಇಡೀ ಮನೆ. ಒಳಗೋಡೆಗಳ ಮೇಲೆ ಕಾಂಕ್ರೀಟ್ ಸ್ಪ್ರೇ ಮಾಡಿ, ಗಟ್ಟಿಯಾದ ಮೇಲೆ ಹೊರಗಿನ ಇಟ್ಟಿಗೆ ಗೋಡೆಗಳನ್ನು ಕಿತ್ತುಹಾಕಿದರು. ಉಳಿದದ್ದು ಮನೆ ಅಲ್ಲ, ಮನೆಯ ಒಳಗಿನ ಖಾಲಿ ಜಾಗದ ಅಚ್ಚು. ಕಿಟಕಿ ಇದ್ದಲ್ಲಿ ಉಬ್ಬು, ಬೆಂಕಿಗೂಡು ಇದ್ದಲ್ಲಿ ಗುಬುಟು. ಒಂದು ಕುಟುಂಬ ಉಸಿರಾಡಿದ ಗಾಳಿ ಕಲ್ಲಾದ ಹಾಗೆ. ಅದರೊಳಗೆ ಯಾರೂ ಹೋಗುವಂತಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ವೈಟ್‌ರೀಡ್ ಅವರಿಗೆ ಬ್ರಿಟನ್ನಿನ ಟರ್ನರ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಮಹಿಳೆ ಅವರು. ಆದರೆ ಸ್ಥಳೀಯ ಕೌನ್ಸಿಲ್ ಕೃತಿಯನ್ನು ಉಳಿಸಲು ಒಪ್ಪಲಿಲ್ಲ. 1994ರ ಜನವರಿ 11ರಂದು ಅದನ್ನೂ ಕೆಡವಿದರು. ಮನೆಗೆ ಆದದ್ದೇ ಮನೆಯ ನೆನಪಿಗೂ ಆಯಿತು. ಇವತ್ತು ಅಲ್ಲಿ ಹುಲ್ಲು ಇದೆ.

6. ಕಾಗೆಬಂಗಾರ: ಡಾಂಬರು ಡ್ರಮ್ಮಿನ ಮನೆ

ಈಗ ನಮ್ಮ ಕಡೆಗೆ ಬರೋಣ. ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡಾ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿ, ಬೆಂಗಳೂರಿನಲ್ಲೇ ಇದ್ದು ಕೆಲಸ ಮಾಡುವವರು. ಮೊದಲು ಪೇಂಟಿಂಗ್ ಮಾಡ್ತಿದ್ದರು. 1990ರ ದಶಕದಿಂದ ಸಗಣಿ, ಕುಂಕುಮ, ದಾರ, ಕೂದಲು ಹೀಗೆ ನಮ್ಮ ದಿನನಿತ್ಯದ ವಸ್ತುಗಳಿಂದ ಇನ್‌ಸ್ಟಲೇಶನ್ ಮಾಡಲು ಶುರು ಮಾಡಿದರು. 2009ರ ವೆನಿಸ್ ಬಿಯೆನಾಲೆಯಲ್ಲಿ ಅವರು ತೋರಿಸಿದ ಕೃತಿಗೆ ಮನುಷ್ಯರ ಕೂದಲಿನಿಂದ ಹೆಣೆದ ಸುಮಾರು 4,000 ಮೀಟರ್ ಹಗ್ಗ ಬಳಸಿದ್ದರು. ಆ ಹಗ್ಗ ಕಾರಿನ ಬಂಪರ್‌ಗಳನ್ನು ಎತ್ತಿ ಹಿಡಿದಿತ್ತು. ದೃಷ್ಟಿ ತಾಗದಿರಲಿ ಅಂತ ಗಾಡಿಗಳಿಗೆ ಕೂದಲ ಹಗ್ಗ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮ ವಿಷಯಕ್ಕೆ ಹತ್ತಿರವಾದದ್ದು 2006ರ 'ಡಾರ್ಕ್‌ರೂಮ್' ಮತ್ತು 2008ರ 'ಕಾಗೆಬಂಗಾರ'. ಎರಡರಲ್ಲೂ ಮುಖ್ಯ ವಸ್ತು ಖಾಲಿ ಡಾಂಬರು ಡ್ರಮ್ಮುಗಳು.

ರಸ್ತೆ ಕೆಲಸ ನಡೆಯುವ ಕಡೆ ನೋಡಿದರೆ ಗೊತ್ತಾಗುತ್ತೆ. ಡಾಂಬರು ಕಾಸಿ ಮುಗಿದ ಮೇಲೆ ಡ್ರಮ್ಮು ಉಳಿಯುತ್ತೆ. ಅದನ್ನು ಸೀಳಿ, ಬಡಿದು ಚಪ್ಪಟೆ ಮಾಡಿದರೆ ಒಂದು ತಗಡು. ಅಂಥ ತಗಡುಗಳನ್ನು ನಿಲ್ಲಿಸಿ, ಮೇಲೆ ಟಾರ್ಪಾಲಿನ್ ಹೊದೆಸಿದರೆ ರಸ್ತೆ ಕೂಲಿಯವರ ಮನೆ. ರಸ್ತೆ ಮುಂದೆ ಹೋದ ಹಾಗೆ ಮನೆಯೂ ಮುಂದೆ ಹೋಗಬೇಕು. ಕೆಲಸ ಮುಗಿದ ದಿನ ಆ ಮನೆಗೆ ಅಡ್ರೆಸ್ ಇರಲ್ಲ.

'ಡಾರ್ಕ್‌ರೂಮ್' ಹೊರಗಿನಿಂದ ನೋಡಿದರೆ ಒಂದು ಕೋಟೆಯೋ ಕಂಬಸಾಲಿನ ಅರಮನೆಯೋ ಅನ್ನುವ ಹಾಗಿದೆ. ಡ್ರಮ್ಮುಗಳೇ ಕಂಬ, ತಗಡೇ ಗೋಡೆ. ಬಾಗಿಲು ಗಿಡ್ಡ, ಬಗ್ಗಿಕೊಂಡೇ ಒಳಗೆ ಹೋಗಬೇಕು. ಒಳಗೆ ಕತ್ತಲು. ತಲೆ ಎತ್ತಿ ನೋಡಿದರೆ ಚಾವಣಿಯ ತಗಡಿನಲ್ಲಿ ಸಣ್ಣ ಸಣ್ಣ ತೂತುಗಳು, ಅವುಗಳಿಂದ ಬೆಳಕು. ರಾತ್ರಿಯ ಆಕಾಶದ ಹಾಗೆ. ಚೆಂದ ಅನ್ನಿಸುತ್ತೆ. ಚೆಂದ ಅನ್ನಿಸಿದ ಮರುಕ್ಷಣ ಇನ್ನೊಂದು ಯೋಚನೆ ಬರಬೇಕು: ಮನೆಯ ಚಾವಣಿಯಲ್ಲಿ ತೂತಿದ್ದರೆ ಮಳೆಗಾಲದಲ್ಲಿ ಅದು ನಕ್ಷತ್ರ ಅಲ್ಲ.

ಇನ್ನು 'ಕಾಗೆಬಂಗಾರ' ಅನ್ನುವ ಹೆಸರು. ಇದು ಅಪ್ಪಟ ಕನ್ನಡ ಪದ, ಹೊರದೇಶದ ಗ್ಯಾಲರಿಗಳಲ್ಲೂ ಹಾಗೆಯೇ ಉಳಿದಿದೆ. ಅರ್ಥ ಅಭ್ರಕ, ನಾವು ಲ್ಯಾಬಿನಲ್ಲಿ ಮೈಕಾ ಅನ್ನೋದು. ಕಲ್ಲಿನಲ್ಲಿ ಬಂಗಾರದ ಹಾಗೆ ಹೊಳೆಯುತ್ತೆ, ಆದರೆ ಬಂಗಾರ ಅಲ್ಲ. ಈ ಕೃತಿಯಲ್ಲಿ ಡಾಂಬರಿನ ಕಪ್ಪು ಹಿಡಿದ ಡ್ರಮ್ಮು, ತಗಡು, ಟಾರ್ಪಾಲಿನ್‌ಗಳ ಜೊತೆ ಅಭ್ರಕವೂ ಇದೆ. ದೂರದಿಂದ ನೋಡಿದರೆ ದೊಡ್ಡ ಅಮೂರ್ತ ಚಿತ್ರದ ಹಾಗೆ ಬಣ್ಣದ ಚೌಕಗಳು ಕಾಣ್ತವೆ. ಹತ್ತಿರ ಬಂದಾಗ ಅದು ಯಾರದೋ ಮನೆಯ ಸಾಮಾನು ಅಂತ ತಿಳಿಯುತ್ತೆ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸಿವಿಲ್ ಲ್ಯಾಬಿನಲ್ಲಿ ಡಾಂಬರಿಗೆ ಪೆನೆಟ್ರೇಶನ್ ಟೆಸ್ಟ್, ಡಕ್ಟಿಲಿಟಿ ಟೆಸ್ಟ್, ಸಾಫ್ಟನಿಂಗ್ ಪಾಯಿಂಟ್ ಟೆಸ್ಟ್ ಎಲ್ಲ ಇದೆ. ಎಸ್ಟಿಮೇಶನ್‌ನಲ್ಲಿ ಎಷ್ಟು ಟನ್ ಬೇಕು ಅಂತ ಲೆಕ್ಕ ಇದೆ. ಲೇಬರ್ ಅಂತ ಒಂದು ಕಾಲಂ ಕೂಡ ಇದೆ, ಅದರಲ್ಲಿ ಒಂದು ಸಂಖ್ಯೆ ಬರೀತೀವಿ. ಆ ಸಂಖ್ಯೆ ರಾತ್ರಿ ಎಲ್ಲಿ ಮಲಗುತ್ತೆ ಅನ್ನೋದು ಯಾವ ಕಾಲಂನಲ್ಲೂ ಇಲ್ಲ. ಅವರು ಮಲಗೋದು ನಾವು ವೇಸ್ಟ್ ಅಂತ ಬರೆದ ಡ್ರಮ್ಮಿನಲ್ಲಿ. ಶೀಲಾ ಗೌಡ ಇದನ್ನು ಭಾಷಣ ಮಾಡಿ ಹೇಳಲ್ಲ. ಡ್ರಮ್ಮನ್ನು ತಂದು ನಿಲ್ಲಿಸಿ, ನಮ್ಮನ್ನು ಬಗ್ಗಿಸಿ ಒಳಗೆ ಕಳಿಸ್ತಾರೆ, ಅಷ್ಟೇ.

ಅಣೆಕಟ್ಟು, ಹೈವೇ, ಏರ್‌ಪೋರ್ಟ್, ಮೆಟ್ರೋ ಎಲ್ಲವೂ ಎಂಜಿನಿಯರುಗಳ ಡ್ರಾಯಿಂಗ್‌ನಿಂದಲೇ ಶುರು ಆಗೋದು. ಡ್ರಾಯಿಂಗ್‌ನಲ್ಲಿ ಒಂದು ಗೆರೆ ಎರಡು ಮಿಲಿಮೀಟರ್ ಆಚೀಚೆ ಆದರೆ ನೆಲದ ಮೇಲೆ ಒಂದು ಬೀದಿ ಇರುತ್ತೆ ಅಥವಾ ಇರಲ್ಲ. ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಊರುಗಳು ಮುಳುಗಿದ್ದನ್ನು ಕನ್ನಡ ಸಾಹಿತ್ಯ ಬರೆದಿಟ್ಟಿದೆ. ನಾ. ಡಿಸೋಜ ಅವರ 'ದ್ವೀಪ' ಕಾದಂಬರಿ, ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾ ಎರಡೂ ಮುಳುಗಡೆಯ ಕಥೆಗಳೇ. ಅಣೆಕಟ್ಟು ಬೇಡ ಅಂತ ನಾವು ಹೇಳ್ತಾ ಇಲ್ಲ. ಈ ಲೇಖನ ಟೈಪ್ ಮಾಡ್ತಿರುವ ಲ್ಯಾಪ್‌ಟಾಪಿಗೂ ಎಲ್ಲಿಂದಲೋ ಕರೆಂಟ್ ಬರ್ತಿದೆ. ಆದರೆ ಕಟ್ಟುವವರಿಗೆ ಏನು ಕಳೆದುಹೋಗುತ್ತೆ ಅನ್ನೋದರ ಅಂದಾಜು ಇರಬೇಕು. ಚದರ ಅಡಿಗೆ ಇಷ್ಟು ಪರಿಹಾರ ಅಂತ ಮನೆಯ ಬೆಲೆ ಕಟ್ಟಬಹುದು. ಸುಹ್ ಹೊಲಿಸಿದ್ದು, ವೈಟ್‌ರೀಡ್ ಎರಕ ಹೊಯ್ದದ್ದು ಆ ಬೆಲೆಯಲ್ಲಿ ಸೇರಿಲ್ಲದ ಭಾಗವನ್ನು.

7. ನೋಡುವುದು ಹೇಗೆ? ನಾಲ್ಕು ಪ್ರಶ್ನೆ

ಇನ್‌ಸ್ಟಲೇಶನ್ ಎದುರು ನಿಂತಾಗ 'ಇದೇನಪ್ಪಾ, ನಾನೂ ಮಾಡ್ತಿದ್ದೆ' ಅನ್ನಿಸೋದು ಸಹಜ. ಹಾಗೆ ಅನ್ನಿಸಿದಾಗ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಒಂದು, ವಸ್ತು ಯಾವುದು, ಎಲ್ಲಿಂದ ಬಂತು? ಪ್ಯಾಲೆಸ್ಟೈನ್ ಮೂಲದ ಕುಟುಂಬದಲ್ಲಿ ಬೈರುತ್‌ನಲ್ಲಿ ಹುಟ್ಟಿದ ಮೋನಾ ಹತೂಮ್ 1975ರಲ್ಲಿ ಲಂಡನ್ನಿಗೆ ಹೋದಾಗ ಲೆಬನಾನಿನಲ್ಲಿ ಅಂತರ್ಯುದ್ಧ ಶುರುವಾಗಿ ಮರಳಲು ಆಗಲಿಲ್ಲ. ಅವರು 1996ರಲ್ಲಿ ಜೆರುಸಲೇಮಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೋಪುಗಳನ್ನು ನೆಲದ ಮೇಲೆ ಜೋಡಿಸಿ, ಕೆಂಪು ಮಣಿಗಳಿಂದ ಓಸ್ಲೋ ಒಪ್ಪಂದದ ನಕ್ಷೆಯ ಗಡಿಗಳನ್ನು ಮೂಡಿಸಿದರು. ಸೋಪು ನಾಬ್ಲುಸ್ ಊರಿನ ಆಲಿವ್ ಎಣ್ಣೆಯದು, ಅಲ್ಲಿನವರ ಮನೆಯ ವಾಸನೆ. ಮತ್ತು ಸೋಪು ಕರಗುತ್ತೆ. ಗಡಿಗಳೂ ಕರಗಬಹುದು, ಊರೂ ಕರಗಬಹುದು. ಅದೇ ನಕ್ಷೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರೆ ಇಷ್ಟೆಲ್ಲ ಅರ್ಥ ಬರುತ್ತಿರಲಿಲ್ಲ.

ಎರಡು, ಸ್ಕೇಲ್ ಎಷ್ಟು? ಬಟ್ಟೆಯ ಮನೆ 1:1 ಆಗಿರೋದಕ್ಕೇ ನಾವು ಅದರ ಬಾಗಿಲಲ್ಲಿ ತಲೆ ತಗ್ಗಿಸ್ತೀವಿ. 1:50 ಆಗಿದ್ದರೆ ಅದು ಮಾಡೆಲ್, ಶೋಕೇಸಿನಲ್ಲಿ ಇಡಬಹುದು.

ಮೂರು, ನನ್ನ ದೇಹ ಏನು ಮಾಡಬೇಕಾಯಿತು? ಬಗ್ಗಿದೆನಾ, ತೂರಾಡಿದೆನಾ, ಹೊರಗೇ ನಿಲ್ಲಬೇಕಾಯಿತಾ? ಕೊಲಂಬಿಯಾದ ಡೋರಿಸ್ ಸಾಲ್ಸೆಡೋ 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂನ ಕಾಂಕ್ರೀಟ್ ನೆಲದಲ್ಲಿ 167 ಮೀಟರ್ ಉದ್ದದ ಬಿರುಕು ಮೂಡಿಸಿದರು. ಜನ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು ನಡೆದರು. ಕೃತಿಯ ಹೆಸರು 'ಶಿಬೊಲೆತ್'. ಬೈಬಲಿನಲ್ಲಿ ಬರುವ ಈ ಪದವನ್ನು ಸರಿಯಾಗಿ ಉಚ್ಚರಿಸಲು ಬಾರದವರನ್ನು ಹೊರಗಿನವರು ಅಂತ ಗುರುತಿಸಿ ಕೊಂದರು ಅನ್ನೋದು ಕಥೆ. ವಲಸೆ ಬಂದವರು ಎಷ್ಟೇ ವರ್ಷ ಇದ್ದರೂ ಉಚ್ಚಾರದಲ್ಲಿ ಸಿಕ್ಕಿಬೀಳ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ 'ಹಾಲು' ಮತ್ತು 'ಹಾಳು' ನಡುವೆ ತಡವರಿಸುವ ನಮ್ಮಂಥವರಿಗೆ, 'ಸ್ಕೂಲ್' ಅನ್ನುವಾಗ 'ಇಸ್ಕೂಲ್' ಅಂದು ನಗೆಗೀಡಾದ ನಮ್ಮ ಗೆಳೆಯರಿಗೆ, ಇದು ಪೂರ್ತಿ ಅಪರಿಚಿತ ಅಲ್ಲ. ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ಮುಚ್ಚಿದರು. ಆದರೆ ಮುಚ್ಚಿದ ಗುರುತು ಆ ನೆಲದಲ್ಲಿ ಇವತ್ತಿಗೂ ಕಾಣುತ್ತೆ.

ನಾಲ್ಕು, ಮೊದಲು ಹೇಳಿದ ನಾಲ್ಕು ಪದಗಳಲ್ಲಿ ಇದು ಯಾವುದರ ಬಗ್ಗೆ? ವಲಸೆಯಾ, ಗುಳೆಯಾ, ಒಕ್ಕಲೆಬ್ಬಿಸಿದ್ದಾ, ಮುಳುಗಡೆಯಾ? ಅಂದರೆ, ಹೋಗುವ ನಿರ್ಧಾರ ಯಾರದು? ಎಲ್ಲವನ್ನೂ 'ಊರಿನ ನೆನಪು' ಅಂತ ಒಂದೇ ಡಬ್ಬಿಗೆ ಹಾಕಿದರೆ, ಹಾಸ್ಟೆಲಿನಲ್ಲಿ ಅಮ್ಮನ ಅಡುಗೆ ನೆನಪಾಗುವ ನಾವು ಮತ್ತು ಮನೆಯೇ ಇಲ್ಲದವರು ಒಂದೇ ಅಂದ ಹಾಗಾಗುತ್ತೆ. ನಮ್ಮ ಬೇಜಾರು ಸುಳ್ಳಲ್ಲ. ಆದರೆ ದಸರಾ ರಜೆಗೆ ನಮಗೆ ಬಸ್ ಇದೆ.

8. ಪ್ರಾಕ್ಟಿಕಲ್

ಥಿಯರಿ ಓದಿದ ಮೇಲೆ ಲ್ಯಾಬ್ ಇರಲೇಬೇಕು. ದುಡ್ಡು ಖರ್ಚಿಲ್ಲದ ಎರಡು ಪ್ರಯೋಗ.

ಪ್ರಯೋಗ 1: ನೀವು ಬೆಳೆದ ಮನೆಯ ಪ್ಲಾನ್ ಅನ್ನು ನೆನಪಿನಿಂದಲೇ ಗ್ರಾಫ್ ಶೀಟಿನಲ್ಲಿ ಬರೆಯಿರಿ. ಎಂಜಿನಿಯರಿಂಗ್ ಗ್ರಾಫಿಕ್ಸ್ ಕ್ಲಾಸಿನ ಹಾಗೆ ಅಳತೆ ಹಾಕಿ. ಬಾಗಿಲು ಯಾವ ಕಡೆ ತೆರೆಯುತ್ತೆ, ದೇವರ ಗೂಡು ಎಷ್ಟು ಎತ್ತರದಲ್ಲಿದೆ, ಕಿಟಕಿಗೆ ಎಷ್ಟು ಸರಳು, ಎಲ್ಲ. ಮುಂದಿನ ಸಲ ಊರಿಗೆ ಹೋದಾಗ ಟೇಪ್ ಹಿಡಿದು ಅಳೆದು ಹೋಲಿಸಿ. ಯಾವ ಕೋಣೆ ನೆನಪಿನಲ್ಲಿ ದೊಡ್ಡದಾಗಿತ್ತು, ಯಾವುದು ಚಿಕ್ಕದಾಗಿತ್ತು? ಸಾಮಾನ್ಯವಾಗಿ ಲ್ಯಾಬಿನಲ್ಲಿ ಎರರ್ ಕಡಿಮೆ ಬಂದರೆ ಖುಷಿ. ಇಲ್ಲಿ ನೋಡಬೇಕಾದದ್ದು ಎರರ್ ಅನ್ನೇ.

ಪ್ರಯೋಗ 2: ಈ ಸೆಮಿಸ್ಟರ್ ಕೊನೆಗೆ ಹಾಸ್ಟೆಲ್ ರೂಮ್ ಖಾಲಿ ಮಾಡುವ ಮೊದಲು, ಗೋಡೆಯ ಒಂದು ಭಾಗಕ್ಕೆ ತೆಳುವಾದ ಹಾಳೆ ಇಟ್ಟು ಪೆನ್ಸಿಲಿನಿಂದ ಉಜ್ಜಿ. ಸ್ವಿಚ್‌ಬೋರ್ಡ್, ಮೊಳೆಯ ತೂತು, ಹಿಂದಿನ ಬ್ಯಾಚಿನವರು ಕೆತ್ತಿದ ಹೆಸರು, ಏನೇ ಇರಲಿ. ಒದ್ದೆ ಗೋಡೆ ಮತ್ತು ತೆರೆದ ವೈರ್ ಇರುವ ಬೋರ್ಡ್ ಮುಟ್ಟಬೇಡಿ. ಬಂದ ಹಾಳೆಗಳನ್ನು ಸಂಘಕ್ಕೆ ಕೊಡಿ. ಸಾಕಷ್ಟು ಸೇರಿದರೆ ರಾಜ್ಯೋತ್ಸವದ ದಿನ ಸೆಮಿನಾರ್ ಹಾಲಿನ ಗೋಡೆಗೆ ಎಲ್ಲವನ್ನೂ ಜೋಡಿಸಿ ಅಂಟಿಸೋಣ. ಅದೇ ನಮ್ಮ ಮೊದಲ ಇನ್‌ಸ್ಟಲೇಶನ್ ಆಗಲಿ.

ನಿಜವಾದ ಇನ್‌ಸ್ಟಲೇಶನ್‌ಗಳನ್ನು ಹತ್ತಿರದಲ್ಲೇ ನೋಡಬೇಕು ಅನ್ನುವವರಿಗೆ 2012ರಲ್ಲಿ ಶುರುವಾದ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಇದೆ, ಹಳೆಯ ಗೋದಾಮುಗಳಲ್ಲಿ ನಡೆಯುತ್ತೆ. ಬೆಂಗಳೂರಿನಲ್ಲಿ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಮ್ಯೂಸಿಯಂ ಎರಡರಲ್ಲೂ ಪ್ರದರ್ಶನಗಳು ಬದಲಾಗ್ತಾ ಇರ್ತವೆ. ಹೋಗುವ ಮೊದಲು ಏನು ನಡೀತಿದೆ ಅಂತ ನೋಡಿಕೊಂಡು ಹೋಗಿ. ದಾರಿಯಲ್ಲಿ ರಸ್ತೆ ಕೆಲಸ ನಡೀತಾ ಇದ್ದರೆ ಪಕ್ಕದಲ್ಲಿ ತಗಡಿನ ಗೂಡುಗಳಿವೆಯಾ ಅಂತಲೂ ಒಮ್ಮೆ ಗಮನಿಸಿ. ಅದನ್ನು ನೋಡಲು ಟಿಕೆಟ್ ಬೇಕಿಲ್ಲ.